ಲಿಮಿಟ್ ಹೋಲ್ಡೆಮ್ ಟೂರ್ನಿ: ಯಾವ ಘಟ್ಟದಲ್ಲಿ ಯಾವ ಆಟ?

ಈಗ ಹೋಲ್ಡೆಮ್ ಪೋಕರ್ ಕಲಿಯುವವರಲ್ಲಿ ಬಹುತೇಕರು ಕಲಿಯುವುದು ನೋ-ಲಿಮಿಟ್ ಆಟವನ್ನು. ಎಷ್ಟು ಬೇಕಾದರೂ ಪಣ ಒಡ್ಡಬಹುದಾದ, ಒಂದೇ ಕೈಯಲ್ಲಿ ಇದ್ದುದೆಲ್ಲವನ್ನೂ ಮುಂದಕ್ಕೆ ತಳ್ಳಬಹುದಾದ ಆ ಆಟದ ಅಭ್ಯಾಸಗಳನ್ನೇ ಹೊತ್ತು, ಪ್ರತಿ ಪಣದ ಮೊತ್ತ ಮೊದಲೇ ನಿಗದಿಯಾಗಿರುವ ಲಿಮಿಟ್ ಟೂರ್ನಿಗೆ ಕುಳಿತವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ: ಬಿಡಬಾರದ ಕಡೆ ಎಲೆ ಬಿಡುತ್ತಾರೆ, ಬೆದರಿಸಲಾಗದ ಕಡೆ ಬೆದರಿಸಲು ಹೋಗುತ್ತಾರೆ. ಹೋಲ್ಡೆಮ್ ನಿಯಮಗಳನ್ನು ಬಲ್ಲ, ಆದರೆ ಲಿಮಿಟ್ ಟೂರ್ನಿಯನ್ನು ಹೆಚ್ಚು ಆಡದ ಓದುಗರಿಗಾಗಿ, ಪ್ರತಿ ಘಟ್ಟದಲ್ಲಿಯೂ ಎದುರಾಗುವ ಆಯ್ಕೆಗಳನ್ನು ಇಲ್ಲಿ ಒಂದಕ್ಕೊಂದು ಹೋಲಿಸಿ ನೋಡಲಾಗಿದೆ.

ಲೆಕ್ಕಕ್ಕೆ ಬೇಕಾದ ಚೌಕಟ್ಟು ಇಷ್ಟೇ. ಹಂತ 100-200 ಎಂದಿದ್ದರೆ ಬ್ಲೈಂಡ್‌ಗಳು ಸಾಮಾನ್ಯವಾಗಿ 50 ಮತ್ತು 100. ಫ್ಲಾಪ್‌ಗೆ ಮುಂಚೆ ಮತ್ತು ಫ್ಲಾಪ್‌ನಲ್ಲಿ ಪ್ರತಿ ಪಣವೂ ಏರಿಕೆಯೂ 100, ಟರ್ನ್ ಮತ್ತು ರಿವರ್‌ನಲ್ಲಿ 200. ಮೊದಲಿನದನ್ನು ಸಣ್ಣ ಪಣ ಎಂದೂ ಎರಡನೆಯದನ್ನು ದೊಡ್ಡ ಪಣ ಎಂದೂ ಕರೆಯೋಣ. ಒಂದು ಸುತ್ತಿನಲ್ಲಿ ಒಂದು ಪಣ ಮತ್ತು ಮೂರು ರೈಸ್‌ಗಳಿಗೆ ಅವಕಾಶ ಕೊಡುವುದು ವಾಡಿಕೆ. ಕೆಲವೆಡೆ ನಾಲ್ಕು ರೈಸ್ ಇರುತ್ತವೆ. ಒಂದು ಕೈಯಲ್ಲಿ ಇಬ್ಬರೇ ಉಳಿದಿದ್ದರೂ, ಇಡೀ ಟೂರ್ನಿಯಲ್ಲಿ ಇಬ್ಬರೇ ಉಳಿಯುವ ತನಕ ಈ ಮಿತಿಯನ್ನು ಸಾಮಾನ್ಯವಾಗಿ ಸಡಿಲಿಸುವುದಿಲ್ಲ. ಹೀಗಿರುವಾಗ, ಫ್ಲಾಪ್‌ಗೆ ಮುಂಚೆ ಒಂದು ರೈಸ್ ಆಗಿ, ಆಮೇಲೆ ಪ್ರತಿ ಸುತ್ತಿನಲ್ಲಿ ಒಂದೊಂದೇ ಪಣ ನಡೆದು ಎಲೆ ತೋರಿಸುವ ತನಕ ಹೋದರೆ ನಿಮಗೆ ತಗಲುವ ವೆಚ್ಚ ಏಳು ಸಣ್ಣ ಪಣ, ಅಂದರೆ ಮೂರೂವರೆ ದೊಡ್ಡ ಪಣ. ಲಿಮಿಟ್ ಟೂರ್ನಿಯ ಪ್ರತಿಯೊಂದು ನಿರ್ಧಾರವನ್ನೂ ಈ ಮೂರೂವರೆಯನ್ನು ನೆನಪಿನಲ್ಲಿಟ್ಟುಕೊಂಡು ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಎಷ್ಟು ಚಿಪ್ ಇವೆ ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಅವು ಎಷ್ಟು ದೊಡ್ಡ ಪಣಗಳಿಗೆ ಸಮ ಎನ್ನುವುದೇ ತಿಳಿಯಬೇಕಾದ ಸಂಗತಿ. 10,000 ಚಿಪ್ ಎಂದರೆ 100-200 ಹಂತದಲ್ಲಿ 50 ದೊಡ್ಡ ಪಣ, 400-800 ಹಂತದಲ್ಲಿ ಹನ್ನೆರಡೂವರೆ, 1000-2000 ಹಂತದಲ್ಲಿ ಐದೇ ಐದು.

ಯಾವ ಟೂರ್ನಿಗೆ ಕೂರಬೇಕು?

ಮೊದಲ ಆಯ್ಕೆ ಟೇಬಲ್‌ಗೆ ಹೋಗುವ ಮುನ್ನವೇ ಇರುತ್ತದೆ. ಹಂತಗಳು ನಿಧಾನವಾಗಿ ಏರುವ ಟೂರ್ನಿ ಮತ್ತು ಬೇಗ ಬೇಗ ಏರುವ ಟೂರ್ನಿ, ಇವುಗಳ ನಡುವಿನ ವ್ಯತ್ಯಾಸ ನೋ-ಲಿಮಿಟ್‌ಗಿಂತ ಲಿಮಿಟ್‌ನಲ್ಲಿ ಹೆಚ್ಚು ಮುಖ್ಯ. ನೋ-ಲಿಮಿಟ್‌ನಲ್ಲಿ ಚಿಪ್ ಕಡಿಮೆಯಾದ ಮೇಲೂ ಎಲ್ಲವನ್ನೂ ಒಮ್ಮೆಲೇ ತಳ್ಳಿ ಎದುರಾಳಿಯನ್ನು ಬಿಡಿಸುವ ಕೌಶಲಕ್ಕೆ ಬೆಲೆಯಿದೆ. ಲಿಮಿಟ್‌ನಲ್ಲಿ ಎಲ್ಲರ ಬಳಿಯೂ ಐದಾರು ದೊಡ್ಡ ಪಣಗಳಷ್ಟೇ ಉಳಿದಾಗ ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ನಡುವಿನ ಅಂತರ ಬಹಳ ಕುಗ್ಗುತ್ತದೆ, ಏಕೆಂದರೆ ಫ್ಲಾಪ್ ನಂತರದ ತೀರ್ಮಾನಗಳಿಗೆ ಎಡೆಯೇ ಉಳಿಯುವುದಿಲ್ಲ. ಆದ್ದರಿಂದ ಎರಡೂ ಸಿಗುವಂತಿದ್ದರೆ ನಿಧಾನದ್ದನ್ನೇ ಆರಿಸಿಕೊಳ್ಳಿ.

ಲಿಮಿಟ್ ಟೂರ್ನಿಗಳೇ ಈಗ ಅಪರೂಪ. ಲಾಸ್ ವೇಗಸ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 1,500 ಡಾಲರ್ ಮತ್ತು 10,000 ಡಾಲರ್ ಪ್ರವೇಶಧನದ ಲಿಮಿಟ್ ಹೋಲ್ಡೆಮ್ ಸ್ಪರ್ಧೆಗಳು ಇತ್ತೀಚಿನ ವರ್ಷಗಳ ವೇಳಾಪಟ್ಟಿಯಲ್ಲಿಯೂ ಉಳಿದುಕೊಂಡಿವೆ. ಐದು ಆಟಗಳನ್ನು ಸರದಿಯಂತೆ ಆಡಿಸುವ ಹಾರ್ಸ್ ಟೂರ್ನಿಯಲ್ಲಿ ಮೊದಲ ಆಟವೂ ಇದೇ. ಟಿ.ವಿ. ಪ್ರೇಕ್ಷಕರಿಗೆ ಲಿಮಿಟ್ ರುಚಿಸುವುದಿಲ್ಲ ಎಂಬ ಎಣಿಕೆ ಎಷ್ಟು ಬಲವಾಗಿತ್ತೆಂದರೆ, 2006ರಲ್ಲಿ 50,000 ಡಾಲರ್ ಪ್ರವೇಶಧನದ ಹಾರ್ಸ್ ಸ್ಪರ್ಧೆಯ ಅಂತಿಮ ಟೇಬಲ್ಲನ್ನೇ ನೋ-ಲಿಮಿಟ್ ಹೋಲ್ಡೆಮ್ ಆಗಿ ಆಡಿಸಲಾಯಿತು. ಗೆದ್ದವರು ಚಿಪ್ ರೀಸ್. ನಮ್ಮವರ ದೊಡ್ಡ ಗೆಲುವೂ ನೋ-ಲಿಮಿಟ್‌ನದೇ: ಬೆಂಗಳೂರಿನ ಸಂತೋಷ್ ಸುವರ್ಣ 2024ರಲ್ಲಿ ಅದೇ ವರ್ಲ್ಡ್ ಸೀರೀಸ್‌ನಲ್ಲಿ 2,50,000 ಡಾಲರ್ ಪ್ರವೇಶಧನದ ಸ್ಪರ್ಧೆಯನ್ನು ಗೆದ್ದದ್ದು ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ. ಭಾರತದಲ್ಲಿರುವ ಓದುಗರು ಒಂದು ವಿಷಯವನ್ನು ಗಮನಿಸಬೇಕು: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೋ ಅದೃಷ್ಟದವೋ ಎಂದು ನೋಡದೆ, ನಿಷೇಧಿಸಿದೆ. ಹಾಗಾಗಿ ಮುಂದಿನ ಲೆಕ್ಕಗಳು ಹಣವಿಲ್ಲದ ಅಭ್ಯಾಸಕ್ಕೆ ಅಥವಾ ಅನುಮತಿಯಿರುವ ದೇಶಗಳ ಕಾರ್ಡ್ ರೂಮ್‌ಗಳಲ್ಲಿ ಆಡುವವರಿಗೆ ಉಪಯುಕ್ತ.

ಆರಂಭದ ಹಂತಗಳು: ಬಿಗಿಯೋ, ಸಡಿಲವೋ?

ಕೈಯಲ್ಲಿ 40-50 ದೊಡ್ಡ ಪಣಗಳಿರುವಾಗ ಇಬ್ಬಗೆಯ ಸಲಹೆಗಳು ಕೇಳಿಬರುತ್ತವೆ. ಪಣಗಳು ಅಗ್ಗವಾಗಿರುವಾಗಲೇ ಹೆಚ್ಚು ಕೈಗಳನ್ನು ಆಡಿ ಚಿಪ್ ಗುಡ್ಡೆ ಹಾಕಿಕೊಳ್ಳಿ ಎನ್ನುವುದು ಒಂದು. ಈಗ ಗೆದ್ದದ್ದು ಮುಂದೆ ಲೆಕ್ಕಕ್ಕೇ ಬರುವುದಿಲ್ಲ, ಸುಮ್ಮನೆ ಕಾಯಿರಿ ಎನ್ನುವುದು ಇನ್ನೊಂದು. ನೋ-ಲಿಮಿಟ್‌ನಲ್ಲಿ ಮೊದಲ ಸಲಹೆಗೆ ಅರ್ಥವಿದೆ, ಏಕೆಂದರೆ ಚಿಕ್ಕ ಜೋಡಿಯೊಂದಿಗೆ ಅಗ್ಗವಾಗಿ ಫ್ಲಾಪ್ ನೋಡಿ ಅದೇ ಅಂಕಿಯ ಮೂರನೆಯ ಎಲೆ ಬಿದ್ದರೆ ಎದುರಾಳಿಯ ಇಡೀ ಸ್ಟ್ಯಾಕ್, ಅಂದರೆ ಅವನ ಮುಂದಿರುವ ಎಲ್ಲ ಚಿಪ್, ಸಿಗಬಹುದು. ಲಿಮಿಟ್‌ನಲ್ಲಿ ಆ ಬಹುಮಾನ ಇಲ್ಲ. ಕೈಯಲ್ಲಿ ಜೋಡಿ ಇದ್ದು ಫ್ಲಾಪ್‌ನಲ್ಲಿ ಅದು ಮೂರಾಗುವುದು ಸರಾಸರಿ ಎಂಟೂವರೆ ಬಾರಿಗೆ ಒಮ್ಮೆ ಮಾತ್ರ. ಆದಾಗಲೂ ಒಬ್ಬನೇ ಎದುರಾಳಿಯಿಂದ ಸಿಗುವುದು ಕೆಲವೇ ಪಣಗಳು. ನಾಲ್ಕೈದು ಜನ ಈಗಾಗಲೇ ಪಾಟ್‌ಗೆ ಬಂದಿದ್ದರೆ 4-4 ಅಥವಾ ಒಂದೇ ಚಿಹ್ನೆಯ 8-7 ಆಡುವುದು ಲಾಭದಾಯಕ, ಒಬ್ಬರೋ ಇಬ್ಬರೋ ಮಾತ್ರ ಇದ್ದರೆ ಅಲ್ಲ.

ನನ್ನ ಒಲವು ಎರಡನೆಯ ಸಲಹೆಯ ಕಡೆಗಿದೆ, ಆದರೆ ಅದರ ಕಾರಣದ ಕಡೆಗಿಲ್ಲ. ಈಗ ಗೆಲ್ಲುವ ಹತ್ತು ದೊಡ್ಡ ಪಣ ನಾಲ್ಕು ಪಟ್ಟು ಏರಿದ ಹಂತದಲ್ಲಿ ಎರಡೂವರೆಯಾಗಿ ಉಳಿಯುವುದು ನಿಜ. ಆದರೆ ಹೆಚ್ಚುವರಿಯಾಗಿ ಆ ಎರಡೂವರೆ ಇದ್ದರೆ ಸಂಕಟದ ಹೊತ್ತಿಗೆ ಇನ್ನೊಂದು ಕೈಯನ್ನು ಬಹುಪಾಲು ಕೊನೆಯ ತನಕ ಆಡಬಹುದು. ಆದ್ದರಿಂದ ಉತ್ತಮ ಕೈಗಳಲ್ಲಿ ಪೂರ್ತಿ ಬೆಲೆ ವಸೂಲು ಮಾಡುವುದನ್ನು ಬಿಡಬಾರದು. ರಾಜ-ಗುಲಾಮ, ರಾಣಿ-ಹತ್ತು ಮೊದಲಾದ ಕೈಗಳನ್ನು ಮೊದಲ ಆಸನಗಳಿಂದ ಆಡುವ ಚಪಲವನ್ನು ಬಿಡಬೇಕು, ಅಷ್ಟೆ.

ಬ್ಲೈಂಡ್ ಕದಿಯುವುದು ಮತ್ತು ಕಾಯುವುದು

ಟೂರ್ನಿಯ ಬಹುಭಾಗ ತೀರ್ಮಾನವಾಗುವುದು 10ರಿಂದ 25 ದೊಡ್ಡ ಪಣಗಳ ನಡುವಿನ ಅವಧಿಯಲ್ಲಿ, ಮತ್ತು ಆ ಅವಧಿಯ ತಿರುಳು ಬ್ಲೈಂಡ್‌ಗಳಿಗಾಗಿ ನಡೆಯುವ ಎಳೆದಾಟ. ಇಲ್ಲಿಯೇ ಎರಡು ಆಟಗಳ ಲೆಕ್ಕ ತೀರಾ ಬೇರೆಯಾಗುತ್ತದೆ.

ಎಲ್ಲರೂ ಎಲೆ ಬಿಟ್ಟು ಬಟನ್‌ನಲ್ಲಿರುವ ನಿಮ್ಮ ಸರದಿ ಬಂದಿದೆ ಎಂದುಕೊಳ್ಳಿ. ಲಿಮಿಟ್‌ನಲ್ಲಿ ಪಾಟ್‌ನಲ್ಲಿರುವುದು ಒಂದೂವರೆ ಸಣ್ಣ ಪಣ. ರೈಸ್ ಮಾಡಲು ನೀವು ಹಾಕಬೇಕಾದದ್ದು ಎರಡು. ಎಲೆಗೆ ಬೆಲೆಯೇ ಇಲ್ಲದೆ, ಎದುರಾಳಿಗಳು ಬಿಟ್ಟರೆ ಮಾತ್ರ ಲಾಭ ಎಂದಿಟ್ಟುಕೊಂಡರೆ ಇದು ಶೇ. 57 ಬಾರಿ ಫಲಿಸಬೇಕು. ಬಿಗ್ ಬ್ಲೈಂಡ್ ಆ್ಯಂಟೆ (ಬಿಗ್ ಬ್ಲೈಂಡ್‌ನವನು ಎಲ್ಲರ ಪರವಾಗಿ ಹೆಚ್ಚುವರಿಯಾಗಿ ಹಾಕುವ ಒಂದು ಬ್ಲೈಂಡ್) ಇರುವ ಇಂದಿನ ನೋ-ಲಿಮಿಟ್ ಟೂರ್ನಿಯಲ್ಲಿ ಪಾಟ್‌ನಲ್ಲಿ ಎರಡೂವರೆ ಬ್ಲೈಂಡ್ ಇರುತ್ತದೆ ಮತ್ತು 2.2 ಬ್ಲೈಂಡ್‌ಗೆ ರೈಸ್ ಮಾಡಿದರೆ ಸುಮಾರು ಶೇ. 47 ಬಾರಿ ಫಲಿಸಿದರೆ ಸಾಕು. ಮೇಲಾಗಿ ಲಿಮಿಟ್‌ನಲ್ಲಿ ಬಿಗ್ ಬ್ಲೈಂಡ್‌ನವನು ಮೂರೂವರೆ ಪಣದ ಪಾಟ್‌ಗೆ ಇನ್ನೊಂದೇ ಪಣ ಹಾಕಿ ಒಳಬರಬಹುದಾದ್ದರಿಂದ ಅವನು ಅಷ್ಟು ಸುಲಭವಾಗಿ ಬಿಡುವುದೂ ಇಲ್ಲ, ಬಿಡಬಾರದು ಕೂಡ. ಹೀಗಾಗಿ 7-3ರಂಥ ಎಲೆಯಿಂದ ಕದಿಯುವುದು ಲಿಮಿಟ್‌ನಲ್ಲಿ ದುಬಾರಿ ಹವ್ಯಾಸ. ಎದುರಾಳಿ ಕಾಲ್ ಮಾಡಿದಾಗಲೂ ಜೋಡಿಯಿಲ್ಲದೆ ಗೆಲ್ಲಬಲ್ಲ ಎಲೆಗಳನ್ನು ಆರಿಸಿ: ಯಾವುದೇ ಎಕ್ಕ, ಹೆಚ್ಚಿನ ರಾಜಗಳು, ಎಲ್ಲ ಜೋಡಿಗಳು, ಎರಡು ದೊಡ್ಡ ಎಲೆಗಳು. ಎಕ್ಕ-4 ಮತ್ತು ಒಂದೇ ಚಿಹ್ನೆಯ 7-6 ಇವೆರಡರಲ್ಲಿ ನೋಡಲು ಎರಡನೆಯದು ಚೆಂದ, ಇಲ್ಲಿ ಕೆಲಸಕ್ಕೆ ಬರುವುದು ಮೊದಲನೆಯದು. ಆಡುವುದಾದರೆ ರೈಸ್ ಮಾಡಿಯೇ ಆಡಬೇಕು. ಬರೀ ಕಾಲ್ ಮಾಡಿ ಒಳಬರುವುದಕ್ಕೆ ಈ ಸ್ಥಾನದಲ್ಲಿ ಸಮರ್ಥನೆ ಇಲ್ಲ.

ಬಿಗ್ ಬ್ಲೈಂಡ್‌ನಲ್ಲಿ ನೀವೇ ಇದ್ದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಒಂದಕ್ಕೆ ಮೂರೂವರೆ ಎಂದರೆ ಪಾಟ್‌ನಲ್ಲಿ ಸುಮಾರು ಶೇ. 22ರಷ್ಟು ಪಾಲು ನಿಮ್ಮದಾದರೆ ಕಾಲ್ ಸರಿಹೋಗುತ್ತದೆ. ಬಟನ್‌ನವನು ಅಗಲವಾಗಿ ರೈಸ್ ಮಾಡುವವನಾಗಿದ್ದರೆ ತೀರಾ ಕಳಪೆ ಎಲೆಗಳಿಗೂ ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನ ಪಾಲಿರುತ್ತದೆ. ಆದರೆ ಪ್ರತಿ ಸುತ್ತಿನಲ್ಲಿ ಮೊದಲು ಮಾತಾಡಬೇಕಾದ ಅನನುಕೂಲದಿಂದ ಆ ಪಾಲನ್ನೆಲ್ಲ ವಸೂಲು ಮಾಡಲಾಗುವುದಿಲ್ಲವಾದ್ದರಿಂದ, ಕೆಳಗಿನ ಒಂದಷ್ಟು ಕೈಗಳನ್ನು ಬಿಡುವುದು ವಾಸಿ. ನೋ-ಲಿಮಿಟ್‌ನಿಂದ ಬಂದವರು ಬಿಡುವ ಪ್ರಮಾಣ ಮಾತ್ರ ಇದಕ್ಕಿಂತ ಬಹಳ ಹೆಚ್ಚು, ಮತ್ತು ಅವರ ಚಿಪ್ ಸದ್ದಿಲ್ಲದೆ ಸೋರುವುದು ಇದೇ ಕಿಂಡಿಯಿಂದ.

ಸ್ಮಾಲ್ ಬ್ಲೈಂಡ್‌ನ ಆಯ್ಕೆ ಬೇರೆ. ಅಲ್ಲಿ ಒಂದೂವರೆ ಪಣ ಹಾಕಬೇಕು, ಪಾಟ್ ಅದೇ ಮೂರೂವರೆ. ಅಂದರೆ ಬೇಕಾದ ಪಾಲು ಶೇ. 30ಕ್ಕೆ ಏರುತ್ತದೆ. ನೀವು ಬರೀ ಕಾಲ್ ಮಾಡಿದರೆ ಹಿಂದಿರುವ ಬಿಗ್ ಬ್ಲೈಂಡ್‌ನವನಿಗೆ ಒಂದಕ್ಕೆ ಐದರ ಬೆಲೆ ಸಿಕ್ಕು ಅವನೂ ಒಳಬರುತ್ತಾನೆ. ಮತ್ತೊಮ್ಮೆ ರೈಸ್ ಮಾಡಿದರೆ ಅವನು ಇನ್ನೂ ಎರಡು ಪಣ ಹಾಕಬೇಕಾದ್ದರಿಂದ ಬಹುಪಾಲು ಬಿಡುತ್ತಾನೆ, ಅವನ ಬ್ಲೈಂಡ್ ಪಾಟ್‌ನಲ್ಲಿ ಉಳಿಯುತ್ತದೆ, ಆಟ ಇಬ್ಬರ ನಡುವೆ ನಿಲ್ಲುತ್ತದೆ. ಸ್ಮಾಲ್ ಬ್ಲೈಂಡ್‌ನಿಂದ ಮರು-ರೈಸ್ ಇಲ್ಲವೇ ಫೋಲ್ಡ್, ನಡುವಿನ ದಾರಿಯಿಲ್ಲ ಎಂಬುದನ್ನು ನಿಯಮದಂತೆ ಪಾಲಿಸಿದರೂ ನಷ್ಟವಿಲ್ಲ.

ಫ್ಲಾಪ್‌ನಲ್ಲೇ ಏರಿಸುವುದೋ, ಟರ್ನ್‌ವರೆಗೆ ತಡೆಯುವುದೋ?

ಪಣ ಟರ್ನ್‌ನಲ್ಲಿ ಇಮ್ಮಡಿಯಾಗುವುದರಿಂದ ಹುಟ್ಟುವ ಈ ಪ್ರಶ್ನೆ ಲಿಮಿಟ್‌ಗೇ ವಿಶಿಷ್ಟವಾದದ್ದು. ನೀವು ಬಟನ್‌ನಿಂದ ರಾಜ-ರಾಣಿಯೊಂದಿಗೆ ರೈಸ್ ಮಾಡಿದ್ದೀರಿ, ಬಿಗ್ ಬ್ಲೈಂಡ್ ಮಾತ್ರ ಕಾಲ್ ಮಾಡಿದ್ದಾನೆ, ಪಾಟ್ ನಾಲ್ಕೂವರೆ ಸಣ್ಣ ಪಣ. ಫ್ಲಾಪ್‌ನಲ್ಲಿ ರಾಜ, 9, 5 ಬಿದ್ದು ಅವುಗಳಲ್ಲಿ ಎರಡು ಆಟಿನ್ ಎಲೆಗಳು. ಎದುರಾಳಿ ತಾನೇ ಪಣ ಒಡ್ಡುತ್ತಾನೆ. ಈಗಲೇ ರೈಸ್ ಮಾಡಿದರೆ ಅವನಿಗೆ ಒಂದು ಪಣಕ್ಕೆ ಏಳೂವರೆಯ ಬೆಲೆ ಸಿಗುತ್ತದೆ. ಈಗ ಕಾಲ್ ಮಾಡಿ, ಟರ್ನ್‌ನಲ್ಲಿ ಅವನು ಮತ್ತೆ ಪಣ ಒಡ್ಡಿದಾಗ ರೈಸ್ ಮಾಡಿದರೆ ಅವನು ಎರಡು ಸಣ್ಣ ಪಣಗಳಷ್ಟು ಹಾಕಿ ಹನ್ನೆರಡೂವರೆಯ ಪಾಟ್‌ಗೆ ಹೋರಾಡಬೇಕು. ಬೆಲೆ ಒಂದಕ್ಕೆ ಆರೂಕಾಲಿಗೆ ಇಳಿಯುತ್ತದೆ.

ಫ್ಲಶ್‌ಗೆ ಒಂದೇ ಎಲೆ ಬೇಕಿರುವವನಿಗೆ ಒಂಬತ್ತು ಎಲೆಗಳು ಸಹಾಯಕ್ಕಿವೆ, ಒಂದು ಎಲೆಯಲ್ಲಿ ಅದು ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಅವನಿಗೆ ಎರಡೂ ಬೆಲೆಗಳು ಧಾರಾಳ, ಅವನನ್ನು ಓಡಿಸಲು ಲಿಮಿಟ್‌ನಲ್ಲಿ ಸಾಧ್ಯವೇ ಇಲ್ಲ. ನಡುವಿನ ಒಂದೇ ಎಲೆಗಾಗಿ ಕಾಯುವ ಸ್ಟ್ರೇಟ್‌ನವನಿಗೆ ಇರುವುದು ನಾಲ್ಕೇ ಎಲೆ, ಬೇಕಾದ ಬೆಲೆ ಒಂದಕ್ಕೆ ಹತ್ತಕ್ಕಿಂತ ಹೆಚ್ಚು. ಅವನು ಎರಡೂ ಕಡೆ ತಪ್ಪು ಮಾಡುತ್ತಾನೆ, ಟರ್ನ್‌ನಲ್ಲಿ ಮಾಡಿದರೆ ಆ ತಪ್ಪು ಹೆಚ್ಚು ದುಬಾರಿ. ಆದ್ದರಿಂದ ಒಬ್ಬನೇ ಎದುರಾಳಿ, ಅವನು ಪಣ ಒಡ್ಡುತ್ತಲೇ ಹೋಗುವ ಸ್ವಭಾವದವನು ಎಂದಾದರೆ ಟರ್ನ್‌ವರೆಗೆ ತಡೆಯುವುದು ಲೇಸು. ಅವನು ಒಮ್ಮೆ ಒಡ್ಡಿ ಮುಂದೆ ಚೆಕ್ ಮಾಡುವವನಾದರೆ ತಡೆದದ್ದರಿಂದ ಒಂದು ಪಣ ಕೈತಪ್ಪುತ್ತದೆ, ಫ್ಲಾಪ್‌ನಲ್ಲೇ ಏರಿಸಿ. ಪಣ ಒಡ್ಡಿದವನಿಗೂ ನಿಮಗೂ ಆಮೇಲೆ ಮಾತಾಡಬೇಕಾದ ಮೂರನೆಯವನೊಬ್ಬ ಇದ್ದರೆ ಬೇರೆ ಯೋಚನೆಯೇ ಬೇಡ: ಈಗಿನ ರೈಸ್ ಅವನಿಗೆ ಒಂದೇ ಏಟಿಗೆ ಎರಡು ಪಣಗಳ ಹೊರೆ ಹೊರಿಸುತ್ತದೆ, ಎಲೆಯನ್ನು ಕಾಪಾಡಿಕೊಳ್ಳಲು ಲಿಮಿಟ್‌ನಲ್ಲಿ ಇರುವ ನಿಜವಾದ ಆಯುಧ ಅದೊಂದೇ.

ಫ್ಲಶ್‌ಗೆ ಕಾಯುತ್ತಿರುವವರು ನೀವೇ ಆಗಿದ್ದು ಕೊನೆಯಲ್ಲಿ ಮಾತಾಡುವ ಸ್ಥಾನ ನಿಮ್ಮದಾಗಿದ್ದರೆ ಫ್ಲಾಪ್‌ನ ರೈಸ್‌ಗೆ ಇನ್ನೊಂದು ಉಪಯೋಗವಿದೆ. ಒಂದು ಸಣ್ಣ ಪಣ ಹೆಚ್ಚು ಕೊಟ್ಟು ಎದುರಾಳಿಯನ್ನು ಟರ್ನ್‌ನಲ್ಲಿ ಚೆಕ್ ಮಾಡುವಂತೆ ಮಾಡಿದರೆ, ಒಂದು ದೊಡ್ಡ ಪಣ ಉಳಿಸಿಕೊಂಡು ರಿವರ್ ನೋಡಬಹುದು. ಮರು-ರೈಸ್ ಮಾಡುವ ಅಭ್ಯಾಸವಿರುವವನ ಎದುರು ಇದು ನಡೆಯದು.

ರಿವರ್: ಕೊನೆಯ ಪಣವನ್ನು ಕೊಡುವುದೋ, ಬಿಡುವುದೋ?

ಮೇಲಿನ ಪಾಟ್‌ನಲ್ಲೇ ರೈಸ್‌ಗಳಿಲ್ಲದೆ ಪ್ರತಿ ಸುತ್ತಿನಲ್ಲಿ ಒಂದೊಂದು ಪಣ ನಡೆದಿದ್ದರೆ ರಿವರ್‌ಗೆ ಬರುವಾಗ ಅದರಲ್ಲಿ ಐದೂಕಾಲು ದೊಡ್ಡ ಪಣ ಇರುತ್ತದೆ. ಎದುರಾಳಿ ಇನ್ನೊಂದನ್ನು ಒಡ್ಡಿದಾಗ ನಿಮಗೆ ಸಿಗುವ ಬೆಲೆ ಒಂದಕ್ಕೆ ಆರೂಕಾಲು; ಏಳು ಬಾರಿಗೆ ಒಮ್ಮೆ ಗೆದ್ದರೂ ಕಾಲ್ ಸರಿ. ಟೂರ್ನಿಯಲ್ಲಿ ಉಳಿಯಬೇಕಲ್ಲ ಎಂದು ಇಲ್ಲಿ ಎಲೆ ಬಿಡುವವರ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಹನ್ನೆರಡು ದೊಡ್ಡ ಪಣ ಇರುವವನು ಒಂದನ್ನು ಕಳೆದುಕೊಂಡರೆ ಟೂರ್ನಿಯಿಂದ ಹೊರಬೀಳುವುದಿಲ್ಲ. ಆದರೆ ಆರು ಪಣದ ಪಾಟನ್ನು ತಪ್ಪಾಗಿ ಬಿಟ್ಟುಕೊಟ್ಟರೆ ಅರ್ಧ ಸ್ಟ್ಯಾಕನ್ನೇ ಬಿಟ್ಟುಕೊಟ್ಟಂತೆ. ಬಿಡುವ ಮನಸ್ಸಿದ್ದರೆ ಟರ್ನ್‌ನಲ್ಲೇ ಬಿಡಬೇಕು. ಟರ್ನ್‌ನಲ್ಲಿ ಕಾಲ್ ಮಾಡುವಾಗ ರಿವರ್‌ನ ಪಣವನ್ನೂ ಸೇರಿಸಿ ಎರಡು ದೊಡ್ಡ ಪಣಗಳ ತೀರ್ಮಾನ ಮಾಡುತ್ತಿದ್ದೇನೆ ಎಂದು ಭಾವಿಸಿದರೆ ಈ ಗೊಂದಲ ಬಹುಮಟ್ಟಿಗೆ ಇಲ್ಲವಾಗುತ್ತದೆ. ರಿವರ್‌ನಲ್ಲಿ ಎರಡನೇ ಸಲ ರೈಸ್ ಮಾಡುವ ಬಿಗಿ ಆಟಗಾರನ ಎದುರು ಮಾತ್ರ ಈ ಸಲಹೆಗೆ ವಿನಾಯಿತಿ ಇದೆ.

ಬಹುಮಾನದ ಅಂಚಿನಲ್ಲಿ

ಮೂವರಿಗೆ ಬಹುಮಾನ, ನಾಲ್ವರು ಉಳಿದಿದ್ದಾರೆ, ಎಲ್ಲರ ಚಿಪ್‌ಗಳೂ ಸಮ, ಬಹುಮಾನದ ಹಣ 50, 30, 20ರಂತೆ ಹಂಚಿಕೆಯಾಗುತ್ತದೆ ಎನ್ನಿ. ಪ್ರತಿಯೊಬ್ಬರ ಪಾಲಿನ ಬೆಲೆ 25. ಒಬ್ಬನನ್ನು ಹೊರಹಾಕಿ ಚಿಪ್ ಇಮ್ಮಡಿ ಮಾಡಿಕೊಂಡವನ ಪಾಲು, ಚಿಪ್ ಪ್ರಮಾಣಕ್ಕೆ ತಕ್ಕಂತೆ ಸ್ಥಾನಗಳನ್ನು ಅಂದಾಜು ಮಾಡುವ ರೂಢಿಯ ಲೆಕ್ಕದಲ್ಲಿ, 50 ಆಗುವುದಿಲ್ಲ, 38.3 ಆಗುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ಬಾರಿಗೆ ಪಣಕ್ಕಿಡುವ ಕಾಲ್ ಸರಿಹೋಗಲು ಶೇ. 65ರಷ್ಟು ಗೆಲ್ಲುವ ಭರವಸೆ ಬೇಕು. ನೋ-ಲಿಮಿಟ್‌ನಲ್ಲಿ ದೊಡ್ಡ ಸ್ಟ್ಯಾಕ್‌ನವನು ಈ ಅಂಕಿಯನ್ನೇ ಅಸ್ತ್ರ ಮಾಡಿಕೊಂಡು ಎಲ್ಲರನ್ನೂ ಹೆದರಿಸುತ್ತಾನೆ. ಲಿಮಿಟ್‌ನಲ್ಲಿ ಅವನು ಒಮ್ಮೆಗೆ ಕೇಳಬಹುದಾದದ್ದು ಒಂದು ಪಣ. ನಿಮ್ಮ ಬಳಿ ಹತ್ತು ದೊಡ್ಡ ಪಣವಿದ್ದರೆ, ಶೇ. 50ರ ಬದಲು 65 ಬೇಕೆನ್ನುವ ಈ ತೆರಿಗೆ ಪ್ರತಿ ತೀರ್ಮಾನದಲ್ಲಿ ಅಲ್ಪ. ಬಿಗ್ ಬ್ಲೈಂಡ್ ರಕ್ಷಣೆಯಲ್ಲಿ ತೀರಾ ಕೆಳಗಿನ ಕೈಗಳನ್ನು ಕೈಬಿಟ್ಟರೆ ಸಾಕು. ನಾಲ್ಕಕ್ಕಿಂತ ಕಡಿಮೆ ಇದ್ದರೆ ಅದೇ ತೆರಿಗೆ ಪೂರ್ತಿ ಭಾರವಾಗಿ ಬೀಳುತ್ತದೆ, ಏಕೆಂದರೆ ಆಗ ಆಡಿದ ಒಂದು ಕೈ ಎಂದರೆ ಇಡೀ ಸ್ಟ್ಯಾಕ್.

ಆ ನಾಲ್ಕರ ಕೆಳಗಿನ ಸ್ಥಿತಿಯಲ್ಲಿ ಕಾಯುವುದು ಮೇಲೋ, ನುಗ್ಗುವುದು ಮೇಲೋ? 1000-2000 ಹಂತದಲ್ಲಿ 6,000 ಚಿಪ್ ಇದೆ ಎಂದರೆ ಮೂರು ದೊಡ್ಡ ಪಣ. ಟೇಬಲ್ ಒಂದು ಸುತ್ತು ಬರುವಷ್ಟರಲ್ಲಿ ಬ್ಲೈಂಡ್‌ಗಳಿಗೆ ಹೋಗುವುದು 1,500. ಲೆಕ್ಕಕ್ಕೆ ನಾಲ್ಕು ಸುತ್ತುಗಳ ಆಯುಷ್ಯ. ಒಂಬತ್ತು ಜನರ ಟೇಬಲ್‌ನಲ್ಲಿ ಅದು 36 ಕೈ, ಆರು ಜನರದ್ದಾದರೆ 24. ಯಾವುದಾದರೂ ಜೋಡಿ ಅಥವಾ ಎಕ್ಕವಿರುವ ಕೈ ಬರುವುದು ಸುಮಾರು ಐದಕ್ಕೆ ಒಂದರಂತೆ, ಆದ್ದರಿಂದ ಮುಂದಿನ ಹಂತ ದೂರವಿದ್ದರೆ ಅಂಥ ಕೈಗಾಗಿ ಒಂದು ಸುತ್ತು ಕಾಯುವುದಕ್ಕೆ ಅಡ್ಡಿಯಿಲ್ಲ. ಹಂತ 1500-3000ಕ್ಕೆ ಏರುವ ಹೊತ್ತಾಗಿದ್ದರೆ ಮೂರು ಪಣ ಎರಡಾಗಿಬಿಡುತ್ತದೆ. ಆಗ ಅದಕ್ಕೆ ಮುಂಚೆಯೇ ನುಗ್ಗಬೇಕು. ನುಗ್ಗಿದ ಮೇಲೆ ಅರ್ಧದಲ್ಲಿ ಹಿಂದೆ ಸರಿಯುವುದಕ್ಕೆ ಅವಕಾಶವಿಲ್ಲ ಎಂದು ಮೊದಲೇ ನಿರ್ಧರಿಸಿ: ರೈಸ್‌ಗೆ ಎರಡು, ಫ್ಲಾಪ್‌ಗೆ ಒಂದು, ಟರ್ನ್‌ಗೆ ಎರಡು ಸಣ್ಣ ಪಣ ಹೋದ ಮೇಲೆ ರಿವರ್‌ಗೆ ಉಳಿಯುವುದು ಒಂದೇ. ಎದುರಾಳಿ ಮರು-ರೈಸ್ ಮಾಡಿ ಎಲ್ಲವೂ ಬೇಗ ಒಳಗೆ ಹೋದರೆ ಬೇಸರಪಡಬೇಕಿಲ್ಲ, ಐದೂ ಎಲೆಗಳನ್ನು ನೋಡುವ ಹಕ್ಕು ಸಿಕ್ಕಿತಲ್ಲ. ಜೋಡಿಯಲ್ಲದ ಎರಡು ಎಲೆಗಳು ಫ್ಲಾಪ್‌ನಲ್ಲಿ ಜೋಡಿಯಾಗುವುದು ಮೂರರಲ್ಲಿ ಒಂದು ಬಾರಿಯಷ್ಟೇ ಆದ್ದರಿಂದ, ಜೋಡಿಯಾಗದೆಯೂ ಗೆಲ್ಲಬಲ್ಲ ಎಕ್ಕ-7 ಇಲ್ಲಿ ಒಂದೇ ಚಿಹ್ನೆಯ 9-8ಕ್ಕಿಂತ ಮೇಲು.

ಇಬ್ಬರೇ ಉಳಿದಾಗ

ಈ ಒಂದು ಘಟ್ಟದಲ್ಲಿ ಅಭಿಪ್ರಾಯಗಳಿಗಿಂತ ಗಟ್ಟಿಯಾದ ಆಧಾರ ಸಿಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮೈಕಲ್ ಬೌಲಿಂಗ್ ಮತ್ತು ಸಂಗಡಿಗರು 2015ರ ಜನವರಿಯಲ್ಲಿ, ಇಬ್ಬರ ಲಿಮಿಟ್ ಹೋಲ್ಡೆಮ್ ಆಟವನ್ನು ಸೀಫಿಯಸ್ ಎಂಬ ಪ್ರೋಗ್ರಾಂ ಮೂಲಕ ಬಿಡಿಸಿದ್ದಾಗಿ ಪ್ರಕಟಿಸಿದರು; ಮನುಷ್ಯನೊಬ್ಬ ಜೀವಮಾನವಿಡೀ ಅದರೆದುರು ಆಡಿದರೂ ಅದರ ದೋಷವನ್ನು ಖಚಿತವಾಗಿ ಎತ್ತಿ ತೋರಿಸಲಾಗದಷ್ಟು ಅದು ಪರಿಪೂರ್ಣತೆಗೆ ಹತ್ತಿರವಾಗಿತ್ತು. ಡೀಲರ್ ಸ್ಥಾನದವನಿಗೆ ಪ್ರತಿ ಕೈಗೆ ಬಿಗ್ ಬ್ಲೈಂಡ್‌ನ ಸಾವಿರದಲ್ಲಿ 87.7ರಿಂದ 89.7 ಭಾಗದಷ್ಟು ಲಾಭ ನಿಶ್ಚಿತ ಎಂದು ಆ ಲೆಕ್ಕ ತೋರಿಸಿತು.

ಡೀಲರ್ ಸ್ಥಾನದಿಂದ ಮೊದಲ ಮಾತಿಗೆ ಕಾಲ್ ಮಾಡುವುದೋ ರೈಸ್ ಮಾಡುವುದೋ ಎಂಬ ಹಳೆಯ ಚರ್ಚೆಗೆ ಸೀಫಿಯಸ್‌ನ ಉತ್ತರ ಸ್ಪಷ್ಟ: ಅದು ಬರೀ ಕಾಲ್ ಮಾಡುವುದು ಶೇ. 0.06 ಬಾರಿ ಮಾತ್ರ. ಆಡುವ ಎಲೆಯಿದ್ದರೆ ರೈಸ್, ಇಲ್ಲದಿದ್ದರೆ ಫೋಲ್ಡ್. ಬಿಗ್ ಬ್ಲೈಂಡ್‌ನಿಂದ ಅದು ಹೆಚ್ಚಿನ ಮನುಷ್ಯ ಆಟಗಾರರಿಗಿಂತ ಅಗಲವಾಗಿ ಆಡುತ್ತದೆ. ಅನೇಕರಿಗೆ ಅಚ್ಚರಿ ತಂದದ್ದು ಇನ್ನೊಂದು ಸಂಗತಿ: ಡೀಲರ್ ಸ್ಥಾನದಲ್ಲಿದ್ದು ಮರು-ರೈಸ್ ಎದುರಿಸಿದಾಗ, ಎರಡು ಎಕ್ಕ ಕೈಯಲ್ಲಿದ್ದರೂ ಅದು ಫ್ಲಾಪ್‌ಗೆ ಮುಂಚೆ ಕೊನೆಯ ರೈಸನ್ನು ಬಹುತೇಕ ಎಂದೂ ಹಾಕುವುದಿಲ್ಲ, ಕಾಲ್ ಮಾಡಿ ಮುಂದೆ ಸಾಗುತ್ತದೆ. ಎಲೆಯ ಬಲವನ್ನು ಅಡಗಿಸಿಟ್ಟು, ಸ್ಥಾನದ ಅನುಕೂಲವಿರುವ ಮುಂದಿನ ದುಬಾರಿ ಸುತ್ತುಗಳಲ್ಲಿ ಬೆಲೆ ಪಡೆಯುವುದು ಇದಕ್ಕೆ ಕಾರಣವಿರಬೇಕು ಎಂದು ನನ್ನ ಓದು.

ಟೂರ್ನಿಯ ಕೊನೆಯ ಇಬ್ಬರಿಗೆ ಇದನ್ನು ಎಷ್ಟರಮಟ್ಟಿಗೆ ಅನ್ವಯಿಸಬಹುದು? ಎರಡನೆಯ ಬಹುಮಾನ ಇಬ್ಬರಿಗೂ ಆಗಲೇ ಖಾತ್ರಿಯಾಗಿರುವುದರಿಂದ, ಉಳಿದಿರುವ ವ್ಯತ್ಯಾಸದ ಮೊತ್ತ ನೇರವಾಗಿ ಚಿಪ್‌ಗಳಿಗೆ ಅನುಗುಣವಾಗಿರುತ್ತದೆ. ಬಹುಮಾನದ ಅಂಚಿನ ತೆರಿಗೆ ಇಲ್ಲಿ ಇಲ್ಲ. ಸೀಫಿಯಸ್ ಲೆಕ್ಕ ಹಾಕಿದ್ದು ಪ್ರತಿ ಸುತ್ತಿಗೆ ಏರಿಕೆಯ ಮಿತಿಯಿರುವ, ಚಿಪ್ ಎಂದೂ ಮುಗಿಯದ ಆಟವನ್ನು. ಆದ್ದರಿಂದ ಇಬ್ಬರ ಬಳಿಯೂ ಹದಿನೈದಿಪ್ಪತ್ತು ದೊಡ್ಡ ಪಣ ಇದ್ದರೆ ಅದರ ಮಾದರಿಯನ್ನು ಅನುಸರಿಸುವುದು ಕ್ಷೇಮ. ಇಬ್ಬರಲ್ಲಿ ಒಬ್ಬರ ಚಿಪ್ ನಾಲ್ಕೈದು ದೊಡ್ಡ ಪಣಕ್ಕೆ ಇಳಿದಿದ್ದರೆ ಮುಂದಿನ ಸುತ್ತುಗಳಿಗೆಂದು ಬಲವನ್ನು ಅಡಗಿಸಿಡುವುದರಲ್ಲಿ ಹುರುಳಿಲ್ಲ. ಎಕ್ಕದ ಜೋಡಿ ಬಂದಾಗ ಸಿಗುವ ಪ್ರತಿ ಏರಿಕೆಯನ್ನೂ ಫ್ಲಾಪ್‌ಗೆ ಮುಂಚೆಯೇ ಹಾಕಿಬಿಡಿ.